ಸಿನಿಮಾ ಮುಗಿದ ಮೇಲೆ ಹತ್ತು ವರ್ಷ

'ನೌಸಿಕಾ' ಸಿನಿಮಾ ನೋಡಿ ಕಣ್ಣೊರೆಸಿಕೊಂಡವರಿಗೆ ನಾನು ಹೇಳುವುದು ಇಷ್ಟೇ: ನೀವು ನೋಡಿದ್ದು ಹೆಚ್ಚೆಂದರೆ ಕಥೆಯ ಕಾಲು ಭಾಗ. ಅದೂ, ಬರೆದವನೇ ಆಮೇಲೆ ಕೂತು ಒಂದೊಂದಾಗಿ ಬಿಚ್ಚಿಹಾಕಿದ ಕಾಲು ಭಾಗ.

ಹಯಾವೊ ಮಿಯಾಜಾಕಿ ಈ ಕಥೆಯನ್ನು ಮಾಂಗಾ ಆಗಿ, ಅಂದರೆ ಜಪಾನಿ ಕಾಮಿಕ್ಸ್ ಆಗಿ, 'ಆನಿಮೇಜ್' ಮಾಸಿಕದಲ್ಲಿ ಶುರು ಮಾಡಿದ್ದು 1982ರಲ್ಲಿ. ಎರಡೇ ವರ್ಷಕ್ಕೆ, 1984ರ ಮಾರ್ಚಿನಲ್ಲಿ, ಅವರೇ ನಿರ್ದೇಶಿಸಿದ ಸಿನಿಮಾ ತೆರೆಗೆ ಬಂತು. ಮಾಂಗಾ ಮುಗಿದದ್ದು ಮಾತ್ರ 1994ರಲ್ಲಿ. ನಡುವೆ ಅವರ 'ಲಪುಟಾ', 'ಟೊಟೊರೊ', 'ಕಿಕಿ', 'ಪೋರ್ಕೊ ರೊಸ್ಸೊ' ಸಿನಿಮಾಗಳು ಬಂದವು. ಸಿನಿಮಾ ಕೆಲಸ ಹತ್ತಿದಾಗಲೆಲ್ಲ ಧಾರಾವಾಹಿ ನಿಲ್ಲುವುದು, ಅದು ಮುಗಿದ ಮೇಲೆ ಮತ್ತೆ ಕುಂಟುತ್ತಾ ಹೊರಡುವುದು. ಹೀಗೆ ಏಳು ಸಂಪುಟಗಳಾದವು. ಸಿನಿಮಾಕ್ಕೆ ಬಿಡುಗಡೆಯ ದಿನ ಅಂತ ಒಂದಿರುತ್ತದೆ, ಅಷ್ಟರೊಳಗೆ ನಿರ್ದೇಶಕ ಒಂದು ತೀರ್ಮಾನಕ್ಕೆ ಬಂದಿರಲೇಬೇಕು. ಧಾರಾವಾಹಿ ಬರೆಯುವವನಿಗೆ ಆ ಕಟ್ಟಿಲ್ಲ, ಅವನು ಮನಸ್ಸು ಬದಲಿಸಬಹುದು. ಮಿಯಾಜಾಕಿ ಬದಲಿಸಿದರು, ಅದೂ ಓದುಗರ ಕಣ್ಣೆದುರಿಗೇ. ನನಗೆ ಈ ಮಾಂಗಾ ಇಷ್ಟವಾಗುವುದು ಬಹುಮಟ್ಟಿಗೆ ಇದಕ್ಕಾಗಿಯೇ.

ಮುಂದಿನ ಎರಡು ಪ್ಯಾರಾಗಳಲ್ಲಿ ಕಥೆಯ ಗುಟ್ಟು ರಟ್ಟಾಗುತ್ತದೆ. ಬೇಡವೆನ್ನುವವರು ಹಾರಿಸಿಕೊಂಡು ಓದಿ.

ಯುದ್ಧದಲ್ಲಿ ಸುಟ್ಟುಹೋದ ಲೋಕ. ವಿಷದ ಕಾಡು ಹಬ್ಬುತ್ತಿದೆ, ಅದರೊಳಗೆ ಗುಡ್ಡದಷ್ಟು ಗಾತ್ರದ ಓಮು ಎಂಬ ಕೀಟಗಳು. ಸಿನಿಮಾದ ಕೊನೆಗೆ ನಾಯಕಿ ನೌಸಿಕಾ ರೊಚ್ಚಿಗೆದ್ದ ಓಮುಗಳ ಎದುರು ನಿಂತು ಪ್ರಾಣ ಬಿಡುತ್ತಾಳೆ. ಅವೇ ಅವಳನ್ನು ಬದುಕಿಸುತ್ತವೆ. ನೀಲಿ ಬಟ್ಟೆಯವಳು ಬಂದು ಕಾಪಾಡುವಳೆಂಬ ಹಳೆಯ ಭವಿಷ್ಯವಾಣಿ ನಿಜವಾಗುತ್ತದೆ. ಕಾಡು ಮಣ್ಣಿನ ವಿಷವನ್ನು ಹೀರಿ ಭೂಮಿಯನ್ನು ತೊಳೆಯುತ್ತಿದೆ ಎಂಬ ಸಮಾಧಾನವೂ ಸಿಗುತ್ತದೆ. ಜೋ ಹಿಸಾಯಿಶಿಯ ಸಂಗೀತ ಬೇರೆ. ಯಾರಿಗೆ ತಾನೆ ಗಂಟಲು ಕಟ್ಟುವುದಿಲ್ಲ!

ಮಾಂಗಾದ ಕೊನೆಯ ಸಂಪುಟ ಇದನ್ನೆಲ್ಲ ತಿರುವಿಹಾಕುತ್ತದೆ. ಆ ಕಾಡು ಪ್ರಕೃತಿಯ ಕರುಣೆಯಲ್ಲ, ಸಾವಿರ ವರ್ಷದ ಹಿಂದಿನ ಮನುಷ್ಯರೇ ಲೆಕ್ಕಹಾಕಿ ಮಾಡಿಟ್ಟ ಯಂತ್ರ. ಈಗಿನ ಜನರ ದೇಹವನ್ನೂ ವಿಷದ ಗಾಳಿಗೆ ಒಗ್ಗುವಂತೆ ತಿದ್ದಿಟ್ಟಿದ್ದಾರೆ. ಭೂಮಿ ಪೂರ್ತಿ ಶುದ್ಧವಾದ ದಿನ ಇವರು ಉಸಿರಾಡಲಾರದೆ ಸಾಯುತ್ತಾರೆ. ಅವರ ಜಾಗಕ್ಕೆ ಬರಬೇಕಾದ, ಹಗೆಯೆಂಬುದೇ ಇಲ್ಲದ ಸಾಧು ಮನುಷ್ಯರ ಮೊಟ್ಟೆಗಳು ಶುವಾ ಎಂಬಲ್ಲಿನ ಗೋರಿಯಲ್ಲಿ ಕಾದಿವೆ. ನೌಸಿಕಾ ಆ ಗೋರಿಯನ್ನು ಮೊಟ್ಟೆಗಳ ಸಮೇತ ನಾಶ ಮಾಡುತ್ತಾಳೆ. ಹೊರಗೆ ಬಂದು ತನ್ನವರಿಗೆ ನಿಜ ಹೇಳದೆ ಮುಚ್ಚಿಡುತ್ತಾಳೆ. ಸಿನಿಮಾದ ದೇವತೆ ಇಲ್ಲಿ ಕೊಲೆ ಮಾಡಿದಳು, ಸುಳ್ಳೂ ಹೇಳಿದಳು. ಆದರೂ ಅವಳು ಮಾಡಿದ್ದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಮಿಕ್ಸ್ ಎಂದರೆ ಮಕ್ಕಳಿಗೆ ಎಂದು ಮೂಗು ಮುರಿಯುವವರ ಕೈಗೆ ಕೊಡಬೇಕಾದ ಸಂಪುಟ ಇದು.

ಕುಶಾನಾ ಎಂಬ ರಾಜಕುಮಾರಿಯೂ ಹಾಗೆಯೇ. ಸಿನಿಮಾದಲ್ಲಿ ಆಕೆ ಲೋಹದ ಕೈಯ ದಂಡನಾಯಕಿ, ಅಷ್ಟೇ. ಪುಸ್ತಕದಲ್ಲಿ ಹೆತ್ತ ತಂದೆ, ಅಣ್ಣಂದಿರಿಂದಲೇ ಮೋಸಹೋದವಳು, ಸೈನಿಕರು ಪ್ರಾಣ ಕೊಡಲು ಸಿದ್ಧರಿರುವವಳು. ನನ್ನನ್ನು ಕೇಳಿದರೆ ಆಕೆಯದೇ ಬೇರೆ ಪುಸ್ತಕವಾಗಬಹುದಿತ್ತು.

ಹಾಗಂತ ಸಿನಿಮಾ ದಂಡವೇ? ಅಲ್ಲ. ನೌಸಿಕಾ ಗಾಳಿಯಲ್ಲಿ ತೇಲುವುದನ್ನು ಪುಟದ ಮೇಲೆ ಯಾರೂ ತೋರಿಸಲಾರರು, ಮಿಯಾಜಾಕಿಯೂ ತೋರಿಸಿಲ್ಲ. ಅವರ ಪುಟಗಳು ಕಿಕ್ಕಿರಿದಿವೆ. ಸಣ್ಣ ಚೌಕದೊಳಗೆ ಹತ್ತು ಮುಖ, ಮೂರು ವಿಮಾನ, ಮೇಲೆ ಧೂಳು. ಬಲದಿಂದ ಎಡಕ್ಕೆ ಓದುವ ಅಭ್ಯಾಸವಿಲ್ಲದವರಿಗೆ ಮೊದಲ ಸಂಪುಟದಲ್ಲಿ ಯಾರು ಯಾರಿಗೆ ಗುಂಡು ಹೊಡೆದರು ಎಂದೇ ತಿಳಿಯುವುದಿಲ್ಲ. ಮೂರನೆಯದರವರೆಗೆ ಹಲ್ಲುಕಚ್ಚಿ ಓದಿ, ಆಮೇಲೆ ಕೆಳಗಿಡಲು ಆಗುವುದಿಲ್ಲ.

ಕತ್ಸುಹಿರೊ ಒಟೊಮೊ ಅವರ 'ಅಕಿರಾ' ಕೂಡ ಧಾರಾವಾಹಿ ಮುಗಿಯುವ ಮೊದಲೇ, 1988ರಲ್ಲಿ, ಸಿನಿಮಾ ಆಯಿತು. ಮಾಂಗಾ 1990ರವರೆಗೆ ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಪುಟದ ಕಥೆಯನ್ನು ಎರಡು ಗಂಟೆಗೆ ಇಳಿಸಿದಾಗ ಅಕಿರಾ ಎಂಬ ಹುಡುಗ ಗಾಜಿನ ಸೀಸೆಗಳಲ್ಲಿನ ಚೂರುಗಳಾಗಿಬಿಟ್ಟ. ಬೈಕಿನ ಕೆಂಪು ದೀಪದ ಗೆರೆಗಳಿಗಾಗಿ ಸಿನಿಮಾ ನೋಡಿ, ಕಥೆಗಾಗಿ ಪುಸ್ತಕ ಓದಿ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಉತ್ಸಾಹ ನನಗಿಲ್ಲ.

ಫುಮಿಯೊ ಕೋನೊ ಅವರ 'ಲೋಕದ ಈ ಮೂಲೆಯಲ್ಲಿ' ಮಾತ್ರ ಬೇರೆ ಜಾತಿಯದು. ಯುದ್ಧಕಾಲದಲ್ಲಿ ಹಿರೋಶಿಮಾ ಬಳಿಯ ಕುರೆ ಎಂಬ ನೌಕಾನೆಲೆಯ ಊರಿಗೆ ಮದುವೆಯಾಗಿ ಬಂದ ಸುಜು, ಪಡಿತರದ ಅಕ್ಕಿ, ಅತ್ತಿಗೆಯ ಚುಚ್ಚುಮಾತು. ಸುಜುಗೆ ಚಿತ್ರ ಬಿಡಿಸುವ ಹುಚ್ಚು. ಬಾಂಬಿನಲ್ಲಿ ಅವಳ ಬಲಗೈ ಹೋಗುತ್ತದೆ. ಅಲ್ಲಿಂದ ಮುಂದೆ ಕೋನೊ ಹಿನ್ನೆಲೆಗಳನ್ನು ತಮ್ಮ ಎಡಗೈಯಿಂದ ಬಿಡಿಸಿದ್ದಾರೆ. ಮನೆ, ಗುಡ್ಡ, ಆಕಾಶದ ಗೆರೆಗಳೆಲ್ಲ ನಡುಗುತ್ತವೆ. ಇಂಥದ್ದು ಮಾಂಗಾದಲ್ಲಿ ಮಾತ್ರ ಸಾಧ್ಯ. ಸುನಾವೊ ಕತಬುಚಿ 2016ರಲ್ಲಿ ಮಾಡಿದ ಸಿನಿಮಾ ಒಳ್ಳೆಯದೇ. ಆದರೆ ರಿನ್ ಎಂಬ ಸೂಳೆಗೇರಿಯ ಗೆಳತಿಯ ಎಳೆ ಅದರಲ್ಲಿ ಸೊರಗಿತ್ತು. 2019ರಲ್ಲಿ ಅದನ್ನು ಸೇರಿಸಿ ಉದ್ದದ ಆವೃತ್ತಿ ತಂದರು. ಸಿಕ್ಕರೆ ಅದನ್ನೇ ನೋಡಿ.

ಪುಸ್ತಕಕ್ಕಿಂತ ಸಿನಿಮಾ ಮೇಲು ಎಂದು ನಾನು ವಾದಿಸುವುದು ಒಂದಕ್ಕೇ, 'ಮಿಂಚುಹುಳುಗಳ ಸಮಾಧಿ'. ಅಕಿಯುಕಿ ನೊಸಾಕಾ 1967ರಲ್ಲಿ ಬರೆದ ಕಥೆ ಪೂರ್ಣವಿರಾಮಕ್ಕೇ ಬಿಡುವು ಕೊಡದ ಉದ್ದುದ್ದ ವಾಕ್ಯಗಳಲ್ಲಿ ಓಡುತ್ತದೆ. ಯುದ್ಧದಲ್ಲಿ ತಂಗಿಯನ್ನು ಹಸಿವಿಗೆ ಕಳೆದುಕೊಂಡವನ ಪಶ್ಚಾತ್ತಾಪ ಅದು. ಇಸಾವೊ ತಕಹಾತಾ 1988ರ ಚಿತ್ರದಲ್ಲಿ ಸತ್ತ ಅಣ್ಣ ಸೆಯಿಟಾನ ಆತ್ಮವನ್ನು ಪಕ್ಕದಲ್ಲಿ ನಿಲ್ಲಿಸಿ, ತಾನು ಮಾಡಿದ್ದನ್ನು ತಾನೇ ನೋಡುವಂತೆ ಮಾಡಿದರು. ಇದು ಯುದ್ಧವಿರೋಧಿ ಚಿತ್ರವಲ್ಲ ಎಂದೂ ಅವರು ಹೇಳುತ್ತಿದ್ದರು. ಆ ಮಾತು ಕೇಳಿ ರೇಗುವವರು ಇನ್ನೊಮ್ಮೆ ನೋಡಲಿ. ಅಮ್ಮನ ಹಣ ಬ್ಯಾಂಕಿನಲ್ಲಿತ್ತು, ಸಂಬಂಧಿಯೊಬ್ಬಳ ಮನೆಯಲ್ಲಿ ತಲೆಯ ಮೇಲೆ ಸೂರಿತ್ತು. ಮರ್ಯಾದೆಗೆ ಕುಂದಾಯಿತೆಂದು ಹುಡುಗ ತಂಗಿಯನ್ನು ಕರೆದುಕೊಂಡು ಗುಹೆ ಸೇರಿದ. ಮೊದಲ ಸಲ ನೋಡುವಾಗ ನಾವೆಲ್ಲ ಶಪಿಸಿದ ಆ ಸಂಬಂಧಿ ಹೆಂಗಸಿನ ಮಾತಿನಲ್ಲಿ ಎರಡನೇ ಸಲಕ್ಕೆ ಅರ್ಧದಷ್ಟಾದರೂ ನ್ಯಾಯ ಕಾಣಿಸುತ್ತದೆ.