ಕೋಟೆ ಕೊಡದೆ ಅಕ್ಕಿ ಕೊಟ್ಟವರು

ಕೆಳದಿಯ ಶಿವಪ್ಪನಾಯಕನನ್ನು ಮೆಚ್ಚುವವರು 1652ರಿಂದ 1654ರವರೆಗಿನ ಗೆಲುವುಗಳನ್ನೇ ಎತ್ತಿ ಹೇಳುತ್ತಾರೆ. ಬಸ್ರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳು ಒಂದೊಂದಾಗಿ ಅವನ ವಶವಾದವು. 1569ರಲ್ಲಿ ಬಸ್ರೂರಿಗೆ ಬಂದು ಬೇರುಬಿಟ್ಟಿದ್ದ ಪರದೇಶಿ ಪಡೆ ಜಾಗ ಖಾಲಿಮಾಡಿತು. ಸಾಹಸವೇ ಸರಿ. ಆದರೆ ಕೆಳದಿಯ ರಾಜನೀತಿಯನ್ನು ತೂಗಬೇಕಾದದ್ದು ಆಮೇಲಿನ ಕಾಲು ಶತಮಾನದ ಒಪ್ಪಂದಗಳಲ್ಲಿ. 1671ರಲ್ಲಿ ಕೆಳದಿಯನ್ನಾಳುತ್ತಿದ್ದ ಸೋಮಶೇಖರನಾಯಕ, 1678ರಲ್ಲಿ ರಾಣಿ ಚೆನ್ನಮ್ಮಾಜಿ ಅದೇ ಪೋರ್ಚುಗೀಸರಿಗೆ ಮತ್ತೆ ವ್ಯಾಪಾರದ ಅನುಮತಿ ಕೊಟ್ಟರು. ಬಂಡಸಾಲೆ ಕಟ್ಟಿಕೊಳ್ಳಬಹುದಿತ್ತು, ಕಳೆದುಕೊಂಡ ಕೋಟೆಗಳು ಮಾತ್ರ ಮರಳಿ ಸಿಗಲಿಲ್ಲ.

ಹೋರಾಡಿ ಹೊರಗಟ್ಟಿದವರನ್ನೇ ಒಳಗೆ ಬಿಟ್ಟುಕೊಂಡದ್ದು ದೌರ್ಬಲ್ಯವಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಅದಕ್ಕೆ ಉತ್ತರ ಬೈಲುಗದ್ದೆಗಳಲ್ಲಿದೆ. ಕುಂದಾಪುರ, ಬಾರ್ಕೂರು ಸೀಮೆಯ ಅಕ್ಕಿ, ಘಟ್ಟದ ಮೇಲಿನ ಮೆಣಸು ಹೊಳೆ ಹಿಡಿದು ಕಡಲಿಗಿಳಿದು ಗೋವೆ, ಮಲಬಾರು, ಮಸ್ಕತ್ತುಗಳಿಗೆ ಹೋಗುತ್ತಿದ್ದವು. ಪೋರ್ಚುಗೀಸರ ನೆಲೆಯಾದ ಗೋವೆಯ ಅನ್ನ ಕನ್ನಡ ಕರಾವಳಿಯ ಅಕ್ಕಿಯನ್ನು ನೆಚ್ಚಿಕೊಂಡಿತ್ತು. ವ್ಯಾಪಾರವನ್ನೇ ನಿಲ್ಲಿಸಿದ್ದರೆ ಗೋವೆ ಹಸಿಯುತ್ತಿತ್ತು, ನಿಜ. ಅದರ ಜೊತೆಗೆ ಇಲ್ಲಿನ ಒಕ್ಕಲಿನ ಭತ್ತವೂ ಕಣಜದಲ್ಲೇ ಉಳಿಯುತ್ತಿತ್ತು, ಕೆಳದಿಯ ರಾಜಧಾನಿ ಬಿದನೂರಿನ ಬೊಕ್ಕಸವೂ ಬರಿದಾಗುತ್ತಿತ್ತು. ಮೇಲಾಗಿ ಡಚ್ಚರೂ ಬಸ್ರೂರಿನಲ್ಲಿ ಕೋಠಿ ಇಟ್ಟುಕೊಂಡು ಅಕ್ಕಿ ಕೊಳ್ಳುತ್ತಿದ್ದರು. ಇಬ್ಬರು ಗಿರಾಕಿಗಳಿರುವಾಗ ಒಬ್ಬನ ಮರ್ಜಿಗೆ ಬೀಳಬೇಕಾಗಿರಲಿಲ್ಲ. ಇಂದಿನ ಸ್ಥಿತಿ ಇದಕ್ಕೆ ತಲೆಕೆಳಗು: ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಭಾರತ 2020ರಲ್ಲಿ ಪೂರ್ವಾನುಮತಿ ಕಡ್ಡಾಯಮಾಡಿತು, ಅದೇ ವರ್ಷ ಚೀನಾ ಗಡಿಯ ಗಲ್ವಾನಿನಲ್ಲಿ ರಕ್ತವೂ ಹರಿಯಿತು, ಆದರೂ ಚೀನಾದಿಂದ ಬರುವ ಆಮದು ಬೆಳೆಯುತ್ತಲೇ ಹೋಯಿತು. ಇಲ್ಲಿ ಅವಲಂಬನೆ ನಮ್ಮದು. ಬಸ್ರೂರಿನಲ್ಲಿ ಅದು ಎದುರಾಳಿಯದಾಗಿತ್ತು.

ಕೆಳದಿಯ ನೀತಿ ಸೋತದ್ದು ನೀರಿನ ಮೇಲೆ. ನೆಲದ ಕೋಟೆ ಕಸಿದುಕೊಂಡವರಿಗೆ ಕಡಲಿನಲ್ಲಿ ಪೋರ್ಚುಗೀಸರಿಗೆ ಸರಿಸಾಟಿಯಾದ ಬಲವಿರಲಿಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳು ಬಂದು ಬಸ್ರೂರನ್ನು ಸೂರೆಮಾಡಿದವು. 1713ರಲ್ಲಿ ಪೋರ್ಚುಗೀಸ್ ನೌಕೆಗಳು ಈ ಕರಾವಳಿಯ ಬಂದರುಗಳ ಮೇಲೆ ಎರಗಿದವು. ಮರುವರ್ಷ ಮತ್ತೆ ಒಪ್ಪಂದಕ್ಕೆ ಕೂರಬೇಕಾಯಿತು. ಇದನ್ನು ಮುಂದಿಟ್ಟು ವ್ಯಾಪಾರವೇ ತಪ್ಪಾಗಿತ್ತು ಎನ್ನುವವರ ವಾದವನ್ನು ನಾನು ಒಪ್ಪಲಾರೆ. ಶಿವಾಜಿಯ ದಾಳಿಗೂ ಪೋರ್ಚುಗೀಸರ ಬಂಡಸಾಲೆಗಳಿಗೂ ಸಂಬಂಧವಿಲ್ಲ. ಆ ಅನುಮತಿ ಹುಟ್ಟಿದ್ದೇ ಆರು ವರ್ಷ ತಡವಾಗಿ. ತಪ್ಪು ಇದ್ದದ್ದು ಅಕ್ಕಿ, ಮೆಣಸುಗಳ ಆದಾಯಕ್ಕೆ ತಕ್ಕ ಕಾವಲನ್ನು ಬಸ್ರೂರಿನ ಹೊಳೆ ಕಡಲು ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ ನಿಲ್ಲಿಸದೇ ಹೋದದ್ದರಲ್ಲಿ.