ರಿಯಾಯಿತಿಯ ಹಬ್ಬ ಮತ್ತು ಅಡುಗೆಮನೆಯ ಮರ್ಯಾದೆ

ಕ್ರಿ.ಪೂ. 527ರಲ್ಲಿ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಅಮಾವಾಸ್ಯೆಯನ್ನು ಜೈನ ಸಮಾಜವು ಪರಂಪರೆಯಿಂದ ದೀಪಾವಳಿಯಾಗಿ ಆಚರಿಸುತ್ತ ಬಂದಿದೆ. ಮೈಮೇಲಿನ ವಸ್ತ್ರವನ್ನೂ ಪರಿಗ್ರಹವೆಂದು ತೊರೆದವರ ನಿರ್ವಾಣ ದಿನವು ವರ್ಷದ ಅತಿ ದೊಡ್ಡ ಖರೀದಿಯ ಕಾಲವಾಗಿರುವುದು ಹೊಸ ಸಂಗತಿಯೇನಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶ್ರಾವಕರ ಮನೆಗಳಲ್ಲಿ ರಿಯಾಯಿತಿಯ ಆಕರ್ಷಣೆಯು ಜವಳಿಯ ಕಪಾಟನ್ನು ದಾಟಿ ಅಡುಗೆಮನೆಯನ್ನು ಪ್ರವೇಶಿಸಿದೆ. ವಿಚಾರಾರ್ಹವಾದುದು ಇದು.

ರಿಯಾಯಿತಿಯೇ ದೋಷವೆಂದು ಹೇಳಲಾಗದು. ಋತು ಮುಗಿದ ಸರಕು ಗೋದಾಮಿನಲ್ಲಿ ಉಳಿದರೆ ಬಂಡವಾಳ ಸಿಕ್ಕಿಬೀಳುತ್ತದೆ, ಬಡ್ಡಿ ಬೆಳೆಯುತ್ತದೆ. ಅಲ್ಪ ಲಾಭಕ್ಕೆ ಅದನ್ನು ವಿಲೇವಾರಿ ಮಾಡುವ ವರ್ತಕನು ತನಗೂ ಗಿರಾಕಿಗೂ ಉಪಕಾರ ಮಾಡುತ್ತಾನೆ. ಬಡ ಕುಟುಂಬವೊಂದು ಮಕ್ಕಳ ಬಟ್ಟೆಗಾಗಿ ಈ ದಿನಗಳನ್ನೇ ಕಾಯುವುದರಲ್ಲಿ ತಪ್ಪೇನಿದೆ? ಆದರೆ ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯನ್ನು ನಿರ್ಧರಿಸುವವನು ತಯಾರಕ. ಅದಕ್ಕಿಂತ ಹೆಚ್ಚು ಪಡೆಯಬಾರದೆಂದು ಕಾನೂನು ಹೇಳುತ್ತದೆಯೇ ಹೊರತು ಆ ಬೆಲೆ ನ್ಯಾಯವಾದುದೆಂದು ಹೇಳುವುದಿಲ್ಲ. ಬೆಲೆಯನ್ನು ಮೊದಲು ಏರಿಸಿ ಬಳಿಕ ಇಳಿಸಿ ತೋರಿಸುವ ವ್ಯವಹಾರವು, ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ‘ಪ್ರತಿರೂಪಕ ವ್ಯವಹಾರ’ದ ನೆರೆಯಲ್ಲಿಯೇ ಇದೆ. ಜೈನ ವರ್ತಕರೂ ಇದನ್ನು ಗಮನಿಸಬೇಕು.

ಇನ್ನು ಅಡುಗೆಮನೆಯ ಮಾತು. ದಿಗಂಬರ ಪರಂಪರೆಯ ಶೋಧಿತ ಆಹಾರದಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಕಾಲಮಿತಿಯುಂಟು. ಅದನ್ನೇ ಮರ್ಯಾದೆ ಎನ್ನುತ್ತಾರೆ. ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ತೇವವಿದ್ದಲ್ಲಿ ಸೂಕ್ಷ್ಮ ಜೀವಗಳು ಬೇಗ ಹುಟ್ಟುತ್ತವೆ ಎಂಬುದೇ ಇದರ ಕಾರಣ. ಆಗುಂಬೆ, ಹುಲಿಕಲ್ಲುಗಳ ಮಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಷಾಢದ ಅಷ್ಟಾಹ್ನಿಕದಿಂದ ಕಾರ್ತಿಕದ ಅಷ್ಟಾಹ್ನಿಕದವರೆಗೆ ಮಳೆಗಾಲದ ಗಣನೆ. ದೀಪಾವಳಿ ಅದರೊಳಗೇ ಬರುತ್ತದೆ. ಹೀಗಿರುವಾಗ ಐದು ಕಿಲೋ ಹಿಟ್ಟಿಗೆ ಒಂದು ಕಿಲೋ ಉಚಿತವೆಂದು ತಂದ ಚೀಲವು ಮೂವರ ಸಂಸಾರದಲ್ಲಿ ಎಷ್ಟು ದಿನ ಉಳಿಯುತ್ತದೆ? ಗಿರಣಿಯಲ್ಲಿ ಎಂದು ಬೀಸಿದ್ದು? ಮನೆಯೊಡತಿಗೆ ಉಳಿದದ್ದು ಹಣ; ಕೈತಪ್ಪಿದ್ದು ಅಳತೆ. ಮನೆಗೆ ಎಷ್ಟು ಬೇಕೆಂಬುದನ್ನು ಈಗ ಅಂಗಡಿ ನಿರ್ಧರಿಸುತ್ತಿದೆ, ಅಂಗಡಿಗೆ ಹೋಗದವರಿಗೆ ಮೊಬೈಲ್ ನಿರ್ಧರಿಸುತ್ತಿದೆ.

ಸಿಹಿತಿಂಡಿಯ ಪೆಟ್ಟಿಗೆಯ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಸಮಾಧಾನಪಡುವವರಿದ್ದಾರೆ. 2001ರಲ್ಲಿ ಬಂದ ಆ ಗುರುತು ಸಸ್ಯಾಹಾರವೆಂದಷ್ಟೇ ಹೇಳುತ್ತದೆ. ಜೇನುತುಪ್ಪ ಸೇರಿದ್ದರೂ, ಕಂದಮೂಲ ಸೇರಿದ್ದರೂ ಚುಕ್ಕೆ ಹಸಿರೇ. ರಾತ್ರಿ ಮಾಡಿದ್ದೋ ಹಗಲು ಮಾಡಿದ್ದೋ ಎಂಬುದನ್ನು ಅದು ತಿಳಿಸದು.

ಇದು ರುಚಿಯನ್ನು ತೊರೆಯಬೇಕೆಂಬ ವಾದವಲ್ಲ. ಹದಿನಾರನೆಯ ಶತಮಾನದ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ಪದ್ಯದಲ್ಲಿ ರಚಿಸಿದನು, ಸವಿಯನ್ನು ಆತ ಪಾಪವೆಂದೆಣಿಸಿದ್ದರೆ ಆ ಶ್ರಮವನ್ನು ಕೈಗೊಳ್ಳುತ್ತಿರಲಿಲ್ಲ. ಮಲೆನಾಡಿನ ದೀಪಾವಳಿಗೂ ತನ್ನದೇ ಪಾಕವುಂಟು. ನೆನೆದ ಅಕ್ಕಿಯನ್ನು ತರಿಯಾಗಿ ರುಬ್ಬಿ, ತುರಿದ ಸೌತೆಕಾಯಿ, ಬೆಲ್ಲ, ತೆಂಗಿನತುರಿ ಕೂಡಿಸಿ ಬಾಳೆಯೆಲೆಯಲ್ಲಿ ಬೇಯಿಸುವ ಕಡುಬಿಗೆ ದಾಸ್ತಾನು ಬೇಡ. ಅಂದು ರುಬ್ಬಿ ಅಂದೇ ಬೇಯಿಸಿ ಸೂರ್ಯಾಸ್ತದೊಳಗೆ ಉಂಡು ಮುಗಿಸುವ ತಿನಿಸದು. ಅಜ್ಜಿಯ ಪಕ್ಕದಲ್ಲಿ ಕುಳಿತು ಎಲೆ ಮಡಿಸುವ ಮಗು ಕಾಲಮಿತಿಯ ಪಾಠವನ್ನು ಪುಸ್ತಕವಿಲ್ಲದೆ ಕಲಿಯುತ್ತಿತ್ತು. ಬೆಂಗಳೂರಿನಿಂದ ಎರಡು ದಿನದ ರಜೆಗೆ ಬರುವ ಮಕ್ಕಳು, ದುಡಿಯುವ ಸೊಸೆ, ವಯಸ್ಸಾದ ಅತ್ತೆ ಇರುವ ಮನೆಯಲ್ಲಿ ಎಲ್ಲವನ್ನೂ ಮಾಡಲು ಕೈಗಳೆಲ್ಲಿವೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಕೈಗಳ ಕೊರತೆಗೆ ತಿನಿಸುಗಳ ಸಂಖ್ಯೆ ಕಡಿಮೆಯಾಗಬೇಕಿತ್ತು. ಪೆಟ್ಟಿಗೆಗಳ ಸಂಖ್ಯೆ ಹೆಚ್ಚಾಯಿತು. ಎಲೆ ಮಡಿಸಲು ಗಂಡಸರ ಕೈಗಳೂ ಆದೀತು!

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣದ ಐದು ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ಅತಿಲೋಭವನ್ನೂ ಹೆಸರಿಸಿದ್ದಾರೆ. ಇವು ವ್ಯಾಪಾರಿಗೆಂದೇ ಹೇಳಿದಂತೆ ತೋರಿದರೂ, ಅಗ್ಗವೆಂಬ ಒಂದೇ ಕಾರಣಕ್ಕೆ ಕೊಂಡು ತುಂಬುವವನಿಗೂ ಸಲ್ಲುತ್ತವೆ.

ಬಸದಿಗಳ ಆಡಳಿತ ಮಂಡಳಿಗಳೂ ಈ ವಿಚಾರದಿಂದ ಹೊರತಲ್ಲ. ನಿರ್ವಾಣ ಪೂಜೆಯ ಲಾಡು, ಪ್ರಸಾದದ ಸಿಹಿ ಇವುಗಳನ್ನು ಸಗಟು ರಿಯಾಯಿತಿಗೆ ತರಿಸಿದರೆ ಲೆಕ್ಕಪತ್ರದಲ್ಲಿ ಉಳಿತಾಯ ಕಾಣುವುದು ನಿಜ. ಆದರೆ ಬಸದಿಯೇ ಮರ್ಯಾದೆಯನ್ನು ಬಿಟ್ಟ ಮೇಲೆ ಮನೆಗಳಿಗೆ ಅದನ್ನು ಬೋಧಿಸುವವರಾರು? ಊರಿನ ಗಿರಣಿಯಲ್ಲಿ ತ್ರಯೋದಶಿಯಂದು ಕಡಲೆಯನ್ನು ಬೀಸಿಸಿದರೆ ಅಮಾವಾಸ್ಯೆಯ ಬೆಳಗಿನ ಪೂಜೆಗೆ ಹಿಟ್ಟು ಮೂರು ದಿನಗಳ ಮಿತಿಯೊಳಗೇ ಇರುತ್ತದೆ. ಚತುರ್ದಶಿಯ ಹಗಲಿನಲ್ಲಿ ನಾಲ್ಕು ಮನೆಯವರು ಬಸದಿಯ ಅಡುಗೆಮನೆಯಲ್ಲಿ ಕೂಡಿದರೆ ಲಾಡು ಕಟ್ಟುವುದು ಅಷ್ಟೇನೂ ಹೊತ್ತು ಹಿಡಿಯುವ ಕೆಲಸವಲ್ಲ.