ಮಹಾವೀರನ ಹಾರ: ಬೆರಗು ಸಾಕೆ?

12345654321. ಈ ಸಂಖ್ಯೆಯನ್ನು ಎಡದಿಂದ ಓದಿ, ಬಲದಿಂದ ಓದಿ, ಒಂದೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು 27994681 × 441ರ ಗುಣಲಬ್ಧವಾಗಿ ಬರುತ್ತದೆ. ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ್ದಾನೆ. 139 × 109 = 15151, 142857143 × 7 = 1000000001 ಇವೂ ಅದೇ ಗುಂಪಿನವು.

ಗುಣಾಕಾರದ ಅಭ್ಯಾಸಕ್ಕೆ ಇವು ಬಹಳ ಒಳ್ಳೆಯ ಲೆಕ್ಕಗಳು. ಎಲ್ಲಾದರೂ ತಪ್ಪಿದರೆ ಹಾರ ಕೆಡುತ್ತದೆ. ತಪ್ಪು ವಿದ್ಯಾರ್ಥಿಗೇ ಗೊತ್ತಾಗುತ್ತದೆ. ಇದು ಗ್ರಂಥದ ಹಿರಿಮೆ. ಕೊರತೆಯೆಂದರೆ, ಲೆಕ್ಕವನ್ನು ಕೊಡುವ ಮಹಾವೀರ ಅದನ್ನು ಕಟ್ಟಿದ ಬಗೆಯನ್ನು ವಿವರಿಸುವುದಿಲ್ಲ. 27994681 ಎಲ್ಲಿಂದ ಬಂತು? ಅಂದು ಆ ಮಾತನ್ನು ಗುರು ಬಾಯಲ್ಲಿ ಹೇಳಿಕೊಡುತ್ತಿದ್ದಿರಬಹುದು. ಇಂದು ನಾವು ‘ಪೂರ್ವಿಕರ ಚಮತ್ಕಾರ’ ಎಂದು ಫಲಕ ಬರೆದು ಅಲ್ಲಿಗೇ ನಿಲ್ಲಿಸಿದರೆ ತಪ್ಪು ನಮ್ಮದೇ.

ಉತ್ತರದಿಂದ ಹಿಂದಕ್ಕೆ ಹೋಗೋಣ. 111111ನ್ನು 111111ರಿಂದ ಗುಣಿಸಿ. ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಪ್ರತಿ ಸ್ಥಾನದ ಮೊತ್ತ 1, 2, 3, 4, 5, 6 ಎಂದು ಏರಿ, ಮತ್ತೆ 1ಕ್ಕೆ ಇಳಿಯುತ್ತದೆ. ಅಂದರೆ ನಮ್ಮ ಸಂಖ್ಯೆ 111111ರ ವರ್ಗ. ಇನ್ನು 111111 = 21 × 5291. ಎರಡನ್ನೂ ವರ್ಗ ಮಾಡಿದರೆ 441 ಮತ್ತು 27994681!

ಈ ಮಾದರಿಗೆ ಮಿತಿಯೂ ಉಂಟು. ಒಂಬತ್ತು ಒಂದುಗಳವರೆಗೆ ಹಾರ ನಿಲ್ಲುತ್ತದೆ. ಹತ್ತು ಒಂದುಗಳಾದಾಗ ನಡುವಿನ ಮೊತ್ತ 10 ಆಗಿ, 1ನ್ನು ಎಡಕ್ಕೆ ಒಯ್ಯಬೇಕಾಗುತ್ತದೆ, ವರ್ಗ 1234567900987654321. ಹಾರ ಹರಿಯಿತು. ಮಾದರಿ ಎಲ್ಲಿ ಮುರಿಯುತ್ತದೆ ಎಂದು ತಿಳಿದಾಗಲೇ ಅದು ಏಕೆ ನಿಂತಿತ್ತು ಎಂಬುದೂ ತಿಳಿಯುತ್ತದೆ.

1000000001 ಏಕೆ 7ರಿಂದ ಭಾಗವಾಗುತ್ತದೆ? 1001 = 7 × 11 × 13. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ವಿಂಗಡಿಸಿ, ಗುಂಪುಗಳನ್ನು ಒಂದು ಬಿಟ್ಟು ಒಂದು ಕೂಡಿಸಿ, ಕಳೆಯಿರಿ: 1 − 0 + 0 − 1 = 0. ಸೊನ್ನೆ ಬಂದರೆ ಸಂಖ್ಯೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. 12345654321ಕ್ಕೂ ಇದನ್ನೇ ಮಾಡಿ: 321 − 654 + 345 − 12 = 0. ಆದರೆ 15151ಕ್ಕೆ 151 − 15 = 136. ಇದು ಆ ಮೂರರಲ್ಲಿ ಯಾವುದರಿಂದಲೂ ಭಾಗವಾಗದು. 139, 109 ಎರಡೂ ಅವಿಭಾಜ್ಯ ಸಂಖ್ಯೆಗಳು. ಹಾಗಾಗಿ ನೋಡಲು ಹಾರವಾದ ಮಾತ್ರಕ್ಕೆ ಎಲ್ಲ ಸಂಖ್ಯೆಗಳ ಗುಣ ಒಂದೇ ಅಲ್ಲ.

ಶಾಲೆ ಬಳ್ಳಾರಿ ಸೀಮೆಯ ರೂಪನಗುಡಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಇದಕ್ಕೆ ಬೇಕಾದದ್ದು ಕರಿಹಲಗೆ ಮತ್ತು ಸೀಮೆಸುಣ್ಣ. ಶಿಕ್ಷಕರು ಲೆಕ್ಕವನ್ನು ತಿರುಗಿಸಿ ಕೊಡಲಿ: ಗುಣಲಬ್ಧ ಇಲ್ಲಿದೆ, ಅಪವರ್ತನಗಳನ್ನು ಹುಡುಕಿ. ಮಹಾವೀರನದೇ ಇನ್ನೊಂದು ಲೆಕ್ಕ 152207 × 73 = 11111111. ಸುಳಿವು: 11111111 = 1111 × 10001. ಮುಂದಿನದನ್ನು ನೀವೇ ಬಿಡಿಸಿ.